ಸೋಮವಾರದ ಖಾಲಿ ಚೌಕಗಳು

ನಮ್ಮೂರಿನ ಮಕ್ಕಳಿಗೆ ಸೋಮವಾರವೆಂದರೆ ಹಾಲು. ಮಧುಗಿರಿಯಿಂದ ಮಿಡಿಗೇಶಿಗೆ ಹೋಗುವ ದಾರಿಯಲ್ಲಿ ಎಡಕ್ಕೆ ತಿರುಗಿದರೆ ಸಿಗುವ ಸಣ್ಣ ಊರು ಅದು. ಸೋಮವಾರ ಬಸವಣ್ಣನ ವಾರ. ಅವತ್ತು ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ, ಹಸುವಿನ ಹಾಲು ಮಾರುವುದಿಲ್ಲ. ಉಳಿದ ದಿನಗಳಲ್ಲಿ ಕರೆದದ್ದೆಲ್ಲ ಕ್ಯಾನಿಗೆ ಹೋಗುತ್ತಿತ್ತು, ಟೀಗೆ ಒಂದು ಚೂರು ಉಳಿದರೆ ಅದೇ ಹೆಚ್ಚು. ಸೋಮವಾರ ಮಾತ್ರ ಚಿಕ್ಕಮ್ಮ ನಮ್ಮನ್ನೆಲ್ಲ ಜಗಲಿಯ ಮೇಲೆ ಸಾಲಾಗಿ ಕೂರಿಸಿ, ದೊಡ್ಡ ಲೋಟದ ತುಂಬ ಬೆಲ್ಲ ಹಾಕಿದ ಬಿಸಿ ಹಾಲು ಕೊಡುತ್ತಿದ್ದಳು. ಮೀಸೆ ಬಂತು, ಮೀಸೆ ಬಂತು ಅಂತ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದೆವು. ಆಮೇಲೆ ಕೆನೆ ಯಾರಿಗೆ ಅಂತ ಜಗಳ. ಆ ಜಗಳದಲ್ಲಿ ನಾನು ಸೋತದ್ದು ಕಡಿಮೆ.

ಆ ಚಿಕ್ಕಮ್ಮನೇ ಮುಂದೆ ಊರಿನ ಹಾಲಿನ ಕೇಂದ್ರ ನೋಡಿಕೊಳ್ಳತೊಡಗಿದಳು. ನಾನು ಓದು ಮುಗಿಸಿ, ಅಲ್ಲಿಯ ಹಾಲು ಕೊಳ್ಳುವ ಒಂದು ಖಾಸಗಿ ಡೇರಿಯ ಮಧುಗಿರಿ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕೂ ತಾಲ್ಲೂಕಿನ ಹಾಲಿನ ಲೆಕ್ಕವನ್ನು ಒಂದೇ ಕಡೆ ಕೂಡಿಡುವ ಡೇಟಾ ವೇರ್‌ಹೌಸ್ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಚಿಕ್ಕಮ್ಮನಿಗೆ ಹೇಳಿದರೆ, "ಅಂಗಂದ್ರೆ ಹಗೇವು ಏನೇ?" ಅಂದಳು. ರಾಗಿ ತುಂಬಿಡುವ ನೆಲದೊಳಗಿನ ಗುಂಡಿ ಅವಳ ಕಣ್ಣಮುಂದಿತ್ತು.

"ಹಂಗೇ ಅನ್ಕೋ."

"ಅಂಗಾರೆ ಮೊರದಾಗೆ ಕೇರಿ ತುಂಬೇ, ಕಲ್ಲು ಮಣ್ಣು ಸೇರ್ಸಬ್ಯಾಡ."

ಕಲ್ಲು ಮಣ್ಣು ಬೇಕಾದಷ್ಟಿತ್ತು. ಶಿರಾದವರು ಹಾಲನ್ನು ಕೆ.ಜಿ.ಯಲ್ಲಿ ಕಳಿಸಿದರೆ ಕೊರಟಗೆರೆಯವರು ಲೀಟರಿನಲ್ಲಿ ಕಳಿಸುತ್ತಿದ್ದರು. ಎರಡನ್ನೂ ಒಂದೇ ಕಾಲಮ್ಮಿಗೆ ಸುರಿದು ಕೂಡಿಸಿದ ಪುಣ್ಯಾತ್ಮರು ನನಗಿಂತ ಮುಂಚೆ ಅಲ್ಲಿದ್ದರು. ಪಾವಗಡ ಕಡೆಯ ಒಂದು ಊರಿಗೆ ಕನ್ನಡದವರು ಇಟ್ಟ ಹೆಸರೊಂದು, ತೆಲುಗಿನವರು ಇಟ್ಟ ಹೆಸರೊಂದು. ಲೆಕ್ಕದಲ್ಲಿ ಅದು ಎರಡು ಊರಾಗಿ ಕೂತಿತ್ತು. ಫೋನು ಮಾಡಿದರೆ, "ಅಂತಾ ಒಕಟೇ ಕದಮ್ಮಾ, ಎರಡೂ ಒಂದೇ, ಯಾವ್ದಾದ್ರೂ ಹಾಕ್ಕಳ್ಳಿ" ಅಂತ ಅತ್ತಲಿಂದ ನಗು. ಹಾಗಾಗಿ ಕೆಲವು ಕಟ್ಟಳೆ ಮಾಡಿಕೊಂಡೆ. ಬಂದ ಲೆಕ್ಕವನ್ನು ಬಂದ ಹಾಗೆಯೇ ಒಂದು ಕಡೆ ಇಡಬೇಕು, ತಿದ್ದುವುದೆಲ್ಲ ನಕಲಿನ ಮೇಲೆ. ಒಂದು ಸಾಲೆಂದರೆ ಒಂದು ಕೇಂದ್ರದ ಒಂದು ಹೊತ್ತಿನ ಹಾಲು, ಅದಕ್ಕಿಂತ ಹೆಚ್ಚಿಲ್ಲ, ಕಡಿಮೆಯಿಲ್ಲ. ಹಳೆಯ ಸಾಲನ್ನು ಅಳಿಸಕೂಡದು. ಈ ಕಟ್ಟುನಿಟ್ಟಿಗೆ ಆಫೀಸಿನಲ್ಲಿ ನನಗೆ 'ಅತ್ತೆ' ಅಂತ ಅಡ್ಡಹೆಸರು ಬಿತ್ತು. ಬೀಳಲಿ ಬಿಡು ಅಂದುಕೊಂಡೆ.

ಕೊನೆಗೊಂದು ದಿನ ಪರದೆಯ ಮೇಲೆ ಊರುಗಳು ಬಣ್ಣ ಕಟ್ಟಿಕೊಂಡು ಬಂದವು. ದಿನದ ಸರಾಸರಿ ಹಾಲು ಚೆನ್ನಾಗಿದ್ದರೆ ಹಸಿರು, ಪರವಾಗಿಲ್ಲ ಅನ್ನುವಂತಿದ್ದರೆ ಹಳದಿ, ತೀರಾ ಕಡಿಮೆಯಾದರೆ ಕೆಂಪು. ಕೆಂಪು ಊರುಗಳಿಗೆ ಮುಂದಿನ ತಿಂಗಳಿಂದ ಹಾಲಿನ ವ್ಯಾನು ಹೋಗುವುದಿಲ್ಲ ಅಂತ ಮ್ಯಾನೇಜರು ತೀರ್ಮಾನಿಸಿದರು. ಕೆಂಪಿನಲ್ಲಿ ನಮ್ಮೂರೂ ಇತ್ತು.

ವ್ಯಾನು ಬರದಿದ್ದರೆ ಚಿಕ್ಕಮ್ಮನ ಕೇಂದ್ರಕ್ಕೆ ಬೀಗ, ಹೆಂಗಸರು ಕ್ಯಾನು ಹೊತ್ತು ಟಾರು ರಸ್ತೆಯವರೆಗೆ ನಡೆಯಬೇಕು. ಆದರೆ ಊರಿನಲ್ಲಿ ಹಸು ಕಡಿಮೆಯಾಗಿರಲಿಲ್ಲ, ಅದು ನನಗೆ ಗೊತ್ತಿತ್ತು. ಸರಾಸರಿಯನ್ನು ಪಕ್ಕಕ್ಕಿಟ್ಟು ದಿನದಿನದ ಸಾಲುಗಳನ್ನು ಬಿಚ್ಚಿ ನೋಡಿದೆ. ಪ್ರತಿ ಸೋಮವಾರವೂ ಸೊನ್ನೆ! ಕೇಂದ್ರದಿಂದ ಬಂದ ಮೂಲದಲ್ಲಿ ಆ ಚೌಕಗಳು ಖಾಲಿ ಇದ್ದವು. ವರದಿ ಮಾಡುವ ಪ್ರೋಗ್ರಾಮು ಖಾಲಿ ಕಂಡಲ್ಲೆಲ್ಲ ಸೊನ್ನೆ ತುಂಬಿ, ಆ ದಿನಗಳನ್ನೂ ಸೇರಿಸಿ ಸರಾಸರಿ ತೆಗೆದಿತ್ತು. ನನಗೆ ನಗು ಬಂತು. ಆ ಏಸಿ ರೂಮಿನಲ್ಲಿ ಬೆಲ್ಲದ ಹಾಲಿನ ವಾಸನೆ ಬಂದಂತಾಯಿತು.

ಮ್ಯಾನೇಜರು ಶಿರಾ ಕಡೆಯವರು. "ಹಾಲು ಬಂದಿಲ್ಲ ಅಂದ್ಮೇಲೆ ಸೊನ್ನೆ ತಾನೇ? ನಿಮ್ಮೂರು ಅಂತ ಬಣ್ಣ ಬದ್ಲಾಯ್ಸಕ್ಕಾಗಲ್ಲಮ್ಮ," ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. "ಸೋಮವಾರ ಅಲ್ಲಿ ಹಾಲು ಮಾರಲ್ಲ ಸಾರ್, ಮಕ್ಕಳಿಗೆ ಕೊಡ್ತಾರೆ. ಮೆಷಿನ್ ಕೆಟ್ರೂ ಖಾಲಿ, ವ್ಯಾನ್ ಪಂಚರ್ ಆದ್ರೂ ಖಾಲಿ. ಎಲ್ಲದಕ್ಕೂ ಹಸು ಮೇಲೆ ತಪ್ಪು ಹೊರ್ಸಿದ್ರೆ ಹೆಂಗೆ?"

ಅವರು ಬೇಡವೆಂದರೂ ನಕ್ಕುಬಿಟ್ಟರು. "ಸರಿ, ಖಾಲಿ ಯಾಕೆ ಅನ್ನೋದಕ್ಕೂ ಒಂದು ಹಿಸಾಬು ಇಡಮ್ಮ."

ಇಟ್ಟೆ. ಖಾಲಿ ಬಿಟ್ಟವರು ಫೋನಿನಲ್ಲೇ ಒಂದು ಕಾರಣ ಒತ್ತಬೇಕು: ಮೆಷಿನ್ ಕೆಟ್ಟಿದೆ, ವ್ಯಾನು ಬರಲಿಲ್ಲ, ಹೀಗೆ. ಕೊನೆಯದಾಗಿ ನಾನು ಸೇರಿಸಿದ್ದು 'ಮನೆಯಲ್ಲಿ ಕುಡಿದರು'. ಸರಾಸರಿ ಹಾಲು ಹಾಕುವ ದಿನಗಳಿಗೆ ಮಾತ್ರ. ನಮ್ಮೂರು ಕೆಂಪಿನಿಂದ ಹಳದಿಗೆ ಬಂತು, ವ್ಯಾನು ಉಳಿಯಿತು. ಆಮೇಲೆ ಸೋಮವಾರ ಬಂದರೆ ಮೊದಲು ನೋಡುತ್ತಿದ್ದದ್ದೇ ಆ ಸಾಲನ್ನು. ಚಿಕ್ಕಮ್ಮ ತಪ್ಪದೆ ಒತ್ತುತ್ತಿದ್ದಳು. ನನಗೂ ಒಂದು ಲೋಟ ಸಿಕ್ಕಷ್ಟು ಸಂತೋಷವಾಗುತ್ತಿತ್ತು.

ಕೆಲವು ವರ್ಷ ಹೀಗೇ ನಡೆಯಿತು. ಆಮೇಲೆ ಒಂದು ಸೋಮವಾರ ಆ ಚೌಕದಲ್ಲಿ ಅಂಕಿ ಬಂತು. ಮುಂದಿನ ಸೋಮವಾರವೂ ಬಂತು. ಡೇರಿಯವರೇ ಒತ್ತಾಯ ಮಾಡಿರಬೇಕು ಅಂತ ಜಗಳಕ್ಕೆ ಸಿದ್ಧಳಾಗಿಯೇ ಚಿಕ್ಕಮ್ಮನಿಗೆ ಫೋನು ಮಾಡಿದೆ.

"ಸ್ವಾಮಾರನೂ ಹಾಲು ಹಾಕ್ಬುಟ್ಟಿದ್ದೀರಲ್ಲ, ಯಾರು ಕೇಳಿದ್ದು?"

"ಯಾರೂ ಕೇಳಿಲ್ಲ ಕಣಮ್ಮ. ಕುಡಿಯಾಕೆ ಮಕ್ಳು ಎಲ್ಲವೆ? ಎಲ್ಲಾ ಮಧುಗಿರಿ, ಶಿರಾ ಹಾಸ್ಟೆಲ್‌ನಾಗವೆ. ಬೆಲ್ಲ ಹಾಕಿ ಕಾಯ್ಸಿ ಮಡಗ್ದೆ, ಯಾರೂ ಬರ್ಲಿಲ್ಲ, ಒಡ್ದೋಯ್ತು. ಚೆಲ್ಲಾಕೆ ಮನ್ಸು ಬರ್ಲಿಲ್ಲ."

ಅವಳೇ, "ಊಟ ಆಯ್ತಾ?" ಅಂತ ಕೇಳಿ ಫೋನು ಇಟ್ಟಳು.

ಮಕ್ಕಳ ಟೀಗೆ ಉಳಿಯುತ್ತಿದ್ದ ಚೂರೂ ದಿನವೂ ಕ್ಯಾನಿಗೇ ಬಿದ್ದು, ಮುಂದಿನ ತಿಂಗಳ ವರದಿಯಲ್ಲಿ ನಮ್ಮೂರು ಹಸಿರಾಯಿತು. ಮ್ಯಾನೇಜರು ನನ್ನ ಮೇಜಿನವರೆಗೆ ಬಂದು, "ಈಗ ಖುಷಿನಾ?" ಅಂದರು. ತಲೆಯಾಡಿಸಿದೆ. ಅವರು ಅತ್ತ ಹೋಗುತ್ತಲೇ ಅಳು ಬಂತು.

'ಮನೆಯಲ್ಲಿ ಕುಡಿದರು' ಅನ್ನುವುದನ್ನು ಈಗ ಯಾವ ಕೇಂದ್ರವೂ ಒತ್ತುವುದಿಲ್ಲ, ಹಳೆಯ ಸಾಲುಗಳ ಸಮೇತ ತೆಗೆದುಬಿಡೋಣ ಅಂತ ಹೊಸದಾಗಿ ಸೇರಿದವರು ಹೇಳುತ್ತಾರೆ. ಅಳಿಸಕೂಡದು ಅಂತ ಅತ್ತೆಯ ಗತ್ತಿನಲ್ಲೇ ಗದರುತ್ತೇನೆ. ಆ ಚೌಕಗಳಲ್ಲಿ ನಮ್ಮೂರಿನ ಮಕ್ಕಳು ಹಾಲು ಕುಡಿದಿದ್ದಾರೆ.