ಜೊತೆ ತಪ್ಪಿದ ಬಸಿ

ನನ್ನ ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ಅಂಚು ಮುಕ್ಕಾದ ಒಂದು ಪಿಂಗಾಣಿ ಬಸಿ ತಿಂಗಳುಗಟ್ಟಲೆ ಸುಮ್ಮನೆ ಕುಳಿತಿತ್ತು. ಅದರ ಜೊತೆಯ ಕಪ್ಪು ಒಡೆದುಹೋದ ಮೇಲೆ ಪಾಪ, ಅದಕ್ಕೆ ಇಂಥದೇ ಎಂಬ ಕೆಲಸವಿರಲಿಲ್ಲ. ಒಂದು ವಾರ ತಲೆಪಿನ್ನು, ಇನ್ನೊಂದು ವಾರ ಸುಲಿದ ಬೆಳ್ಳುಳ್ಳಿ, ಮತ್ತೊಂದು ವಾರ ಅರ್ಧ ಕರಗಿದ ಸಾಬೂನು, ಹೀಗೆ ಯಾರು ಏನಿಟ್ಟರೂ ಹೊತ್ತುಕೊಂಡು ಮಧ್ಯಾಹ್ನದ ಬಿಸಿಲಿಗೆ ಮುಖವೊಡ್ಡಿ ಮಲಗಿರುತ್ತಿತ್ತು. ಎಸೆಯಲು ಮನಸ್ಸು ಬರುತ್ತಿರಲಿಲ್ಲ, ಯಾಕೆಂದು ಕೇಳಿದ್ದರೆ ಹೇಳಲೂ ಬರುತ್ತಿರಲಿಲ್ಲ.

ನೀವು ನಮ್ಮ ಸೀಮೆಯವರಾದರೆ ಬಸಿಯ ಮಹಿಮೆಯನ್ನು ನಾನು ಬಣ್ಣಿಸಬೇಕಾಗಿಲ್ಲ. ಜಮಖಂಡಿಯ ಬಸ್ಸು ನಿಲ್ದಾಣದ ಎದುರಿನ ಅಂಗಡಿಗಳಲ್ಲಿ ಇಬ್ಬರು ಗೆಳೆಯರು ಒಂದು ಚಾ ಹೇಳುತ್ತಾರೆ. ಒಬ್ಬನ ಕೈಗೆ ಕಪ್ಪು, ಇನ್ನೊಬ್ಬನ ಕೈಗೆ ಬಸಿ. ಕಪ್ಪಿನವನು ಬಿಸಿ ತಾಳದೆ ಬಾಯಿ ಸುಟ್ಟುಕೊಳ್ಳುವಷ್ಟರಲ್ಲಿ ಬಸಿಯವನು ಊದಿ ಊದಿ ಸುರ್ರೆಂದು ಹೀರಿ, ಮುಗಿಸಿ, ಮೀಸೆ ಒರೆಸಿಕೊಂಡಿರುತ್ತಾನೆ. ಇದು ಕೈ ಬಿಗಿಹಿಡಿದು ಮಾಡುವ ಉಳಿತಾಯವಲ್ಲ, ಎದುರಿಗೊಬ್ಬ ಕುಳಿತಿರುವಾಗ ಒಬ್ಬರೇ ಕುಡಿಯುವುದು ಹೇಗೆ ಎಂಬ ಸಂಕೋಚ. ಇದನ್ನೆಲ್ಲ ಹುಟ್ಟಿನಿಂದ ಬಲ್ಲ ನಾನೇ ನನ್ನ ತರಗತಿಯಿಂದ ಬಸಿಯನ್ನು ಗಡೀಪಾರು ಮಾಡಿದ್ದೆ ಎಂದರೆ ನೀವು ನಗಬಹುದು.

ನಾನು ದಿನವೂ ಜಮಖಂಡಿಯಿಂದ ಬಸ್ಸು ಹಿಡಿದು ಬನಹಟ್ಟಿಯ ಹೈಸ್ಕೂಲಿಗೆ ಹೋಗುವವಳು. ಅಲ್ಲಿ ಪಡಸಾಲೆಯ ಕೊನೆಯ ಕೋಣೆ ನನ್ನದು. ಕಣ್ಣು ಮಂದವಾದವರು, ಕೈಕಾಲು ಮಾತು ಕೇಳದವರು, ಪಾಠ ನಿಧಾನವಾಗಿ ತಲೆಗಿಳಿಯುವವರು, ಹೀಗೆ ಏಳೆಂಟು ಮಕ್ಕಳು ಅಲ್ಲಿಗೆ ಬರುತ್ತಾರೆ. ಬೇರೆ ಕೋಣೆಗಳಲ್ಲಿ ತ್ರಿಕೋನಗಳ ಗುಣಲಕ್ಷಣ ನಡೆಯುವಾಗ ನಮ್ಮ ಕೋಣೆಯಲ್ಲಿ ಗುಂಡಿ ಹಾಕಿಕೊಳ್ಳುವುದು, ಉಗುರು ಕತ್ತರಿಸಿಕೊಳ್ಳುವುದು, ಚಿಲಕ ಹಾಕಿ ತೆಗೆಯುವುದು, ಕಬ್ಬಿನ ಟ್ರ್ಯಾಕ್ಟರು ಸಾಲುಗಟ್ಟಿ ಬರುವ ರಸ್ತೆಯನ್ನು ಎರಡೂ ಕಡೆ ನೋಡಿ ದಾಟುವುದು, ಹೊಟ್ಟೆ ನೋವೆಂದರೆ ನಾಚದೆ ಹೇಳುವುದು. ಸರಕಾರಿ ಕಾಗದದಲ್ಲಿ ಇದಕ್ಕೆ ಜೀವನ ಕೌಶಲ ಎಂಬ ಗಂಭೀರ ಹೆಸರಿದೆ. ಹೊರಗೆ ಓಣಿಯ ಮಗ್ಗಗಳ ಖಟಖಟ ದಿನವಿಡೀ ಕೇಳುತ್ತದೆ. ಆ ಲಯದಲ್ಲಿ ಒಂದು ಗುಂಡಿ ತನ್ನ ಕಾಜವನ್ನು ಸೇರಲು ಅರ್ಧ ತಾಸು ಹಿಡಿಯುವುದನ್ನು ನೋಡುತ್ತ ಕುಳಿತರೆ, ಕಾಲವೆಂಬುದು ಗಡಿಯಾರದಿಂದ ಇಳಿದು ನಮ್ಮ ನಡುವೆ ಚಾಪೆ ಹಾಸಿ ಕುಳಿತಂತೆ ಅನಿಸುತ್ತದೆ. ಎಷ್ಟೋ ಸಲ ನನಗೇ ತೂಕಡಿಕೆ ಬಂದದ್ದೂ ಉಂಟು.

ಆ ಮಕ್ಕಳಲ್ಲಿ ಕಸ್ತೂರಿ ಎಂಬವಳಿದ್ದಳು. ಹತ್ತನೆಯ ತರಗತಿ, ದುಂಡು ಮುಖ, ಎರಡು ಜಡೆ. ಅಂಕೆಗಳು ಅವಳಿಗೆ ಮೂರರವರೆಗೆ ಮಾತ್ರ ಒಲಿದಿದ್ದವು. ಅದರಾಚೆ ಎಲ್ಲವೂ ‘ಭಾಳ’. ಅವಳ ತಾಯಿ ಶಾಂತವ್ವ ಮನೆಯಲ್ಲೇ ಎರಡು ಮಗ್ಗ ನಡೆಸುತ್ತಿದ್ದಳು. ಹತ್ತು ಮುಗಿದ ಮೇಲೆ ಕಸ್ತೂರಿಯನ್ನು ಜಮಖಂಡಿಯ ಒಂದು ಹೊಲಿಗೆ ಕೇಂದ್ರಕ್ಕೆ ಸೇರಿಸಬೇಕೆಂದು ನನ್ನ ಆಸೆ. ಅಲ್ಲೇ ವಾಸ, ಅಲ್ಲೇ ಕೆಲಸ ಕಲಿಕೆ, ಅಡುಗೆಯೂ ಹುಡುಗಿಯರದೇ ಸರದಿ. ಇಲ್ಲವಾದರೆ ಅವಳ ಪಾಲಿಗೆ ಮನೆಯ ಹೊಸ್ತಿಲು, ಮತ್ತು ಹೊಸ್ತಿಲ ಮುಂದೆ ಹಾದುಹೋಗುವ ಓಣಿ, ಅಷ್ಟೇ.

"ಅಕ್ಕಾರ, ಆಕೀನ್ನ ಒಲಿ ಮುಂದ ಒಬ್ಬಾಕಿನ್ನ ಬಿಟ್ಟ ನನಗ ಮಗ್ಗದ ಮುಂದ ನಿಂದ್ರಾಕ ಆಗೂದಿಲ್ಲರಿ," ಎಂದಳು ಶಾಂತವ್ವ. "ಜಮಖಂಡಿಗೆ ಹೆಂಗ ಕಳಸ್ಲಿ? ನನ್ನ ಕಣ್ಣ ಮುಂದ ಒಮ್ಮಿ ಚಾ ಮಾಡಿ ಕೊಡ್ಲಿ. ಆಮ್ಯಾಲ ನೋಡೂಣು."

ಹೀಗೆ ಒಂದು ಹುಡುಗಿಯ ಮುಂದಿನ ದಿನಗಳೆಲ್ಲ ಒಂದು ಬೋಗುಣಿ ಚಹಾದ ಮೇಲೆ ನಿಂತವು. ನಾನು ಏಳು ಚೀಟಿಗಳ ಮೇಲೆ ಚಿತ್ರ ಬರೆದು ನಮ್ಮ ಕೋಣೆಯ ಗೋಡೆಗೆ ಅಂಟಿಸಿದೆ. ನೀರು, ಒಲೆ ಹಚ್ಚುವುದು, ಚಹಾಪುಡಿ ಸಕ್ಕರೆ, ಹಾಲು, ಒಲೆ ಆರಿಸುವುದು, ಎರಡು ಕಪ್ಪಿಗೆ ಸೋಸುವುದು, ಕಡೆಗೆ ಬಂದವರ ಕೈಗೆ ಕೊಡುವುದು. ಇಬ್ಬರು ಜನ, ಎರಡು ಕಪ್ಪು. ಮೊದಲ ವಾರವೇ ಕಸ್ತೂರಿಯ ಕೈಯಲ್ಲಿ ಬಸಿ ಗಲಗಲ ನಡುಗಿ ಕಪ್ಪು ಜಾರಿ ಚೂರಾಯಿತು. ಅವಳು ಮುಖ ಮುಚ್ಚಿಕೊಂಡಳು. ಬಸಿ ಇದ್ದರಲ್ಲವೇ ಜಾರುವುದು ಎಂದುಕೊಂಡು ಜಾಣತನದಿಂದ ನಾನು ಉಳಿದ ಬಸಿಗಳನ್ನು ಪೆಟ್ಟಿಗೆಗೆ ಸೇರಿಸಿ, ಒಂಟಿಯಾದದ್ದನ್ನು ಮನೆಗೆ ತಂದೆ. ಅದೇ ಕಿಟಕಿಕಟ್ಟೆಯ ಬಸಿ.

ಕಲಿಕೆಗೆ ಎಂಟು ತಿಂಗಳು ಹಿಡಿಯಿತು. ಫೆಬ್ರವರಿಯ ಒಂದು ಮಧ್ಯಾಹ್ನ ನಾನು ಅವಳ ಮನೆಗೆ ಹೋದೆ. ಚೀಟಿಗಳನ್ನು ಒಲೆಯ ಪಕ್ಕ ಅಂಟಿಸಿ, ತಾಯಿಯ ಜೊತೆ ನಡುಮನೆಯಲ್ಲಿ ಕುಳಿತೆ. ಕಸ್ತೂರಿ ಒಂದೊಂದು ಚಿತ್ರವನ್ನೂ ಬೆರಳಿನಿಂದ ಮುಟ್ಟಿ ಮುಂದಿನದಕ್ಕೆ ಹೋಗುತ್ತಿದ್ದಳು. ಹಾಲು ಹಾಕುವ ಹೊತ್ತಿಗೆ ಕರೆಂಟು ಹೋಯಿತು. ಇಡೀ ಓಣಿಯ ಮಗ್ಗಗಳು ಒಮ್ಮೆಗೇ ನಿಂತವು. ಆ ಮೌನವನ್ನು ನೀವು ಕೇಳಬೇಕಿತ್ತು. ಊರೆಲ್ಲ ಉಸಿರು ಬಿಗಿಹಿಡಿದು ಒಂದು ಚಮಚದ ಸದ್ದಿಗೆ ಕಿವಿಗೊಟ್ಟಂತಿತ್ತು. ಚಹಾ ಉಕ್ಕಿಬಂತು, ಅವಳು ಒಲೆ ಆರಿಸಿದಳು, ಇಕ್ಕಳ ಹಿಡಿದು ಸೋಸಿದಳು, ಎರಡು ಕಪ್ಪು ತುಂಬಿದವು. ನನ್ನ ಎದೆ ಆಗ ಸ್ವಲ್ಪ ಹಗುರಾಯಿತು.

ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಸಾವಳಗಿಯಿಂದ ಶಾಂತವ್ವನ ಅಣ್ಣ ಬಂದಿದ್ದ, ಹೆಗಲ ಮೇಲೆ ಅರ್ಧ ಚೀಲ ಜೋಳ.

"ಏನ ಬೇ ಶಾಂತಾ, ಮಗ್ಗ ಸುಮ್ಮನಾಗ್ಯಾವ? ಬರೂ ಹೊತ್ತಿಗೆ ಸರಿಯಾಗಿ ಚಾದ ವಾಸನಿ ಬರಾಕತ್ತೈತಿ!"

ಕಸ್ತೂರಿ ಮಾಮನನ್ನು ನೋಡಿದಳು, ಕಪ್ಪುಗಳನ್ನು ನೋಡಿದಳು, ಗೋಡೆಯ ಚೀಟಿಯನ್ನು ನೋಡಿದಳು. ನನ್ನ ಚಿತ್ರದಲ್ಲಿ ಮೂರನೆಯವನು ಇರಲಿಲ್ಲ. ಕರೆಯದೆ ನೆಂಟರು ಬರುವ ಈ ಊರಲ್ಲಿ, ಬಂದವರಿಗೆ ಚಹಾ ಕೊಡದೆ ಕಳಿಸದ ಈ ಊರಲ್ಲಿ, ಇಬ್ಬರಿಗೆ ಎಂದು ಕಟ್ಟುನಿಟ್ಟಾಗಿ ಅಳೆದು ಕಲಿಸಿದ್ದೆನಲ್ಲ, ಎಂಥ ದಡ್ಡತನ ಎಂದು ನನಗೆ ನಾನೇ ಬೈದುಕೊಂಡೆ. ಶಾಂತವ್ವ ಏಳಹೊರಟಳು. ನಾನು ಅವಳ ಕೈ ಹಿಡಿದು ಕೂರಿಸಿದೆ. ನಿಜವಾಗಿ ಹೆದರಿದ್ದೆ.

ಆಮೇಲೆ ಕಸ್ತೂರಿ ಚೀಟಿಗಳಿಗೆ ಬೆನ್ನು ಹಾಕಿದಳು. ಗೂಡಿನಿಂದ ಎರಡು ಬಸಿ ಇಳಿಸಿದಳು. ಒಂದೊಂದು ಕಪ್ಪಿನಿಂದ ಒಂದೊಂದು ಬಸಿಗೆ, ನಾಲಿಗೆ ಕಚ್ಚಿಕೊಂಡು, ಅರ್ಧರ್ಧ ಬಗ್ಗಿಸಿದಳು. ಒಂದಿಷ್ಟು ಚೆಲ್ಲಿತು. ಎಣಿಸಲಿಲ್ಲ, ಮುಖಗಳನ್ನು ನೋಡುತ್ತ, ಒಂದು ಸಲಕ್ಕೆ ಒಂದನ್ನೇ ಎರಡೂ ಕೈಯಲ್ಲಿ ಹಿಡಿದು ತಂದಳು.

"ಮಾಮಾಗ," ಎಂದು ಒಂದು ಕಪ್ಪು. "ಅಕ್ಕಾರಗ," ಎಂದು ಇನ್ನೊಂದು. "ಅವ್ವಗ," ಎಂದು ಒಂದು ಬಸಿ. ಕೊನೆಯ ಬಸಿಯನ್ನು ತಂದು, ನಮ್ಮ ನಡುವೆ ಚಕ್ಕಳಮಕ್ಕಳ ಕುಳಿತು, "ನನಗ," ಎಂದಳು.

ನನಗೆ ಆ ಮಾತು ಎಲ್ಲಿ ತಾಗಿತೆಂದು ಹೇಗೆ ಹೇಳಲಿ? ಎಂಟು ತಿಂಗಳು ಅವಳು ನನ್ನ ಕೋಣೆಯಲ್ಲಿ ಚಹಾ ಮಾಡಿದ್ದಳು, ಬಂದವರಿಗೆ ಕೊಟ್ಟಿದ್ದಳು, ಕಪ್ಪು ತೊಳೆದಿಟ್ಟಿದ್ದಳು. ಒಂದು ದಿನವೂ ಅವಳನ್ನು ಕುಡಿಯುವವರ ಲೆಕ್ಕಕ್ಕೆ ನಾನು ಸೇರಿಸಿರಲಿಲ್ಲ. ಮನೆಯಲ್ಲೂ ಅಷ್ಟೇ, ಎಲ್ಲರದೂ ಆದ ಮೇಲೆ ಬೋಗುಣಿಯ ತಳದಲ್ಲಿ ಉಳಿದದ್ದು, ಆರಿಸಿ, ಸ್ಟೀಲಿನ ಲೋಟದಲ್ಲಿ ಅವಳಿಗೆ. ಕೊಡುವುದನ್ನಷ್ಟೇ ಕಲಿಸಿ ಅದನ್ನೇ ಸ್ವಾವಲಂಬನೆ ಎಂದು ನಾನು ಬೀಗುತ್ತಿದ್ದಾಗ, ಈ ಹುಡುಗಿ ಹೊಸ್ತಿಲಲ್ಲಿ ಕುಳಿತು ಹದಿನಾರು ವರ್ಷ ಜನ ಹಂಚಿ ಕುಡಿಯುವುದನ್ನು ನೋಡುತ್ತಿದ್ದಳು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು.

ಮಗಳು ಬಸಿಯನ್ನು ಊದುತ್ತಿದ್ದಳು, ತಾಯಿಯೂ ಊದುತ್ತಿದ್ದಳು. ಶಾಂತವ್ವ ಒಂದು ಗುಟುಕು ಹೀರಿ, ಮಗಳ ಮುಖದಿಂದ ಕಣ್ಣು ತೆಗೆಯದೆ ಕೇಳಿದಳು: "ಅಕ್ಕಾರ, ಜಮಖಂಡಿಗೆ ಕಳಸೂ ಮುಂದ ಎಷ್ಟ ಜೋಡಿ ಅರಿವಿ ಕೊಟ್ಟ ಕಳಸಬೇಕ್ರಿ?"

ಕರೆಂಟು ಬಂತು. ಓಣಿ ಮತ್ತೆ ಖಟಖಟ ಎಂದಿತು. ಯಾರೂ ಏಳಲಿಲ್ಲ.

ಕಸ್ತೂರಿ ಈಗ ಜಮಖಂಡಿಯಲ್ಲಿದ್ದಾಳೆ, ದಿಂಬಿನ ಚೀಲ ಹೊಲಿಯುತ್ತಾಳೆ. ನಮ್ಮ ಕೋಣೆಯ ಗೋಡೆಯ ಮೇಲೆ ಎಂಟನೆಯ ಚೀಟಿಯೊಂದು ಬಂದಿದೆ: ಎರಡು ಜಡೆಯ ಹುಡುಗಿ ಕುಳಿತು ಚಹಾ ಕುಡಿಯುತ್ತಿದ್ದಾಳೆ. ಕಿಟಕಿಕಟ್ಟೆಯ ಬಸಿಯನ್ನು ಉಜ್ಜಿ ತೊಳೆದು ಆ ಕೋಣೆಗೇ ಮರಳಿ ಒಯ್ದಿದ್ದೇನೆ. ಚಹಾ ಮಾಡಿದವರಿಗೆ ಅದು ಎಂದು ಮಕ್ಕಳಿಗೆ ಹೇಳಿದ್ದೇನೆ. ನಿನ್ನೆ ಅವಸರದಲ್ಲಿ ನಾನೇ ಚಹಾ ಮಾಡಿ, ಎಲ್ಲರಿಗೂ ಕೊಟ್ಟು, ಬೋಗುಣಿ ತೊಳೆಯಲು ಹೊರಟಿದ್ದೆ. ಎಂಟನೆಯ ತರಗತಿಯ ಮಾತು ಬಾರದ ಹುಡುಗಿಯೊಬ್ಬಳು ನನ್ನ ಸೆರಗು ಜಗ್ಗಿ, ಗೋಡೆಯ ಚಿತ್ರ ತೋರಿಸಿ, ತನ್ನ ಕಪ್ಪಿನಿಂದ ಅರ್ಧ ಚಹಾವನ್ನು ಆ ಮುಕ್ಕಾದ ಬಸಿಗೆ ಬಗ್ಗಿಸಿ ಮುಂದೆ ಹಿಡಿದಳು. ನಾನು ಬೋಗುಣಿ ಕೆಳಗಿಟ್ಟು, ಕುಳಿತು, ಕುಡಿದೆ.