ಹರಕು ಸೀರೆ ರೇಷ್ಮೆಯಾದದ್ದು

ನನ್ನ ಅವ್ವನಿಗೆ ಓದು ಬರಹ ಬಾರದು. ಆದರೆ ಚಿಕ್ಕೇರೂರಿನ ಹೊಲಗಳಲ್ಲಿ ಕಳೆ ತೆಗೆಯುತ್ತ ಕಲಿತ, ತಾನೇ ಕಟ್ಟಿದ ಹಾಡುಗಳನ್ನು ಬೆಳಗಿನಿಂದ ಸಂಜೆಯವರೆಗೆ ಹಾಡಿದರೂ ಅವಳಲ್ಲಿ ಇನ್ನೂ ಉಳಿದಿರುತ್ತವೆ.

ಹಾನಗಲ್ಲಿನ ನಿವೃತ್ತ ಪ್ರಾಧ್ಯಾಪಕರೊಬ್ಬರು ಸಾಲಾಗಿ ನಾಲ್ಕು ಭಾನುವಾರ ಬಂದು, ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ಆ ಹಾಡುಗಳನ್ನು ಮೊಬೈಲಿನಲ್ಲಿ ತುಂಬಿಕೊಂಡರು. ಪುಸ್ತಕ ಮಾಡುತ್ತಾರಂತೆ. ಅವ್ವ ಚಹಾ, ಚುರುಮುರಿ ಕೊಟ್ಟಳು. ನನಗೆ ಅವ್ವನಿಗಿಂತ ಹೆಚ್ಚು ಸಂತೋಷ. ನಾನು ಹಿರೇಕೆರೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುವವಳು. ಅವ್ವ ಒಮ್ಮೆ ಶಾಲೆಗೆ ಬಂದಾಗ, ಅವಳ ಮಾತು ಸಹೋದ್ಯೋಗಿಗಳ ಕಿವಿಗೆ ಬೀಳದಿರಲೆಂದು ಗೇಟಿನಿಂದಲೇ ಕಳಿಸಿದ ಪಾಪ ನನ್ನ ತಲೆಯ ಮೇಲಿತ್ತು. ಅದೇ ಮಾತು ಈಗ ಪುಸ್ತಕವಾಗುವುದಿತ್ತು.

ಬಿಡುಗಡೆ ಸವಣೂರಿನಲ್ಲಿ. ಅವ್ವನನ್ನು ವೇದಿಕೆಯ ಮೇಲೆ ಕೂಡಿಸಿದ್ದರು. ಮುಖ್ಯ ಅತಿಥಿಗಳು ಮುಕ್ಕಾಲು ಗಂಟೆ ಉದಾತ್ತತೆಯ ಬಗ್ಗೆ ಮಾತಾಡಿದರು. ನುಡಿ ಉದಾತ್ತವಾದರೆ ನಡತೆ ಉದಾತ್ತ, ನಡತೆ ಉದಾತ್ತವಾದರೆ ಸಂಸ್ಕೃತಿ ಉದಾತ್ತ ಎಂದರು. ಅವರ ಎದುರು ಎರಡು ಬಾಟಲಿ ನೀರಿತ್ತು. ಅವ್ವನ ಎದುರು ಒಂದೂ ಇರಲಿಲ್ಲ. ಅವಳು ಎರಡು ಸಲ ಒಣಗಿದ ತುಟಿ ಒರೆಸಿಕೊಂಡಳು. ಉದಾತ್ತರಲ್ಲಿ ಯಾರಿಗೂ ಅದು ಕಾಣಲಿಲ್ಲ.

ನಾನು ಕೆಳಗೆ ಕುಳಿತು ಪುಸ್ತಕ ತೆರೆದೆ. ಅವ್ವ ಹಾಡಿದ್ದು ಹೀಗೆ:

ಹರಕ ಸೀರಿ ಸೆರಗೀಲೆ ಬುತ್ತಿ ಕಟ್ಟ್ಯಾಳ ಅವ್ವ
ಹಸದ ಹೊಟ್ಟೀಲೆ ನಕ್ಕೋತ

ಅಚ್ಚಾದದ್ದು ಹೀಗೆ:

ರೇಷ್ಮೆಯ ಸೆರಗಿನಲಿ ಭೋಜನವ ತಂದಳು ಮಾತೆ
ತೃಪ್ತಿಯ ಮಂದಹಾಸ ಬೀರುತ

ಆ ಹಾಡನ್ನು ಅವ್ವ ತನ್ನ ತಾಯಿಯ ಮೇಲೆ ಕಟ್ಟಿದ್ದಳು; ಅದರೊಳಗಿನ ಹೆಂಗಸು ನನ್ನ ಅಜ್ಜಿ. ಮಕ್ಕಳಿಗೆ ರೊಟ್ಟಿ ಕಟ್ಟಿ ತಾನು ನೀರು ಕುಡಿದು ಹೊಲಕ್ಕೆ ಹೋಗುತ್ತಿದ್ದಳು. ಅವಳ ಹಸಿವನ್ನೇ ಅಳಿಸಿಬಿಟ್ಟಿದ್ದರು. ವೇದಿಕೆಯ ಹಿಂದಿನಿಂದ ಹೋಗಿ ಅವ್ವನಿಗೆ ನೀರು ಕೊಟ್ಟು, ಆ ಎರಡು ಸಾಲು ಓದಿ ಹೇಳಿದೆ.

"ರೇಷ್ಮಿನಾ?" ಎಂದಳು.

ಒಂದು ಹಾಡು ಹಾಡಿರೆಂದು ಮೈಕು ಕೊಟ್ಟಾಗ ಅವ್ವ ಎದ್ದು ನಿಂತಳು.

"ಈ ಪುಸ್ತಕದಾಗಿಂದು ನನ್ನ ಹಾಡಲ್ರಿ. ನಮ್ಮವ್ವ ರೇಷ್ಮಿ ಕಣ್ಣೀಲೆ ಕಂಡಾಕಿ ಅಲ್ಲ. ಆಕೀಗೆ ಹಸಿವಾಗಿತ್ರಿ. ಅದನ್ನ ಯಾಕ ತಗದ್ರಿ?"

ಅವ್ವ ತನ್ನ ಹಾಡನ್ನು ಶುರು ಮಾಡಿದಳು. ಎರಡನೆಯ ಸಾಲು ಮುಗಿಯುವಷ್ಟರಲ್ಲಿ ನಿರೂಪಕರು ಸಮಯದ ಅಭಾವವೆಂದು ಮೈಕು ತೆಗೆದುಕೊಂಡರು.

ಕಾರ್ಯಕ್ರಮ ಮುಗಿದ ಮೇಲೆ ಪ್ರಾಧ್ಯಾಪಕರು ನನ್ನನ್ನು ಬದಿಗೆ ಕರೆದರು. "ನೀವು ಕನ್ನಡದ ಶಿಕ್ಷಕಿ. ನಿಮಗಾದರೂ ತಿಳೀಬೇಕಿತ್ತು. ನಾಲ್ಕು ಜನರ ಮುಂದೆ ಇಡುವಾಗ ಭಾಷೆಯನ್ನು ಸ್ವಲ್ಪ ಮೇಲೆತ್ತಬೇಕಾಗ್ತದೆ."

"ಮ್ಯಾಲೆತ್ತಲಿಲ್ರಿ ನೀವು, ಸುಳ್ಳು ಬರದೀರಿ," ಅಂದೆ. ಶಾಲೆಯಲ್ಲಿ ನಾನು ಎಂದೂ ಬಾಯಿಬಿಟ್ಟು ಆಡದ ಮಾತಿನಲ್ಲಿ ಅಂದೆ. "ಹಸಕೊಂಡು ನಗೂದು ಸಣ್ಣ ಮಾತೇನ್ರಿ? ಅದಕ್ಕಿಂತ ಮ್ಯಾಲಿಂದು ನಿಮ್ಮ ಕಡೆ ಏನೈತಿ?"

ಅವರು ನಕ್ಕರು. ಆ ನಗು ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ. ನನಗೆ ಅವರ ಮೇಲಷ್ಟೇ ಅಲ್ಲ, ನನ್ನ ಮೇಲೂ ಸಿಟ್ಟು. ಎಷ್ಟು ವರ್ಷ ಮಕ್ಕಳ ಉತ್ತರಪತ್ರಿಕೆಯಲ್ಲಿ 'ಅವ್ವ' ಹೊಡೆದು 'ತಾಯಿ' ಎಂದು ಕೆಂಪು ಶಾಯಿಯಲ್ಲಿ ಬರೆದಿಲ್ಲ ನಾನು?

ಆ ಪುಸ್ತಕ ಇಂದಿಗೂ ಹಾಗೆಯೇ ಇದೆ. ಮುನ್ನುಡಿಯಲ್ಲಿ ಅವ್ವ 'ಮುಗ್ಧ ಗ್ರಾಮೀಣ ಮಹಿಳೆ'. ಕಳೆದ ಬೇಸಿಗೆ ರಜೆಯಲ್ಲಿ ನಾನೇ ಅವಳ ಹಾಡುಗಳನ್ನು ಅವಳು ಅಂದಹಾಗೆಯೇ ಬರೆದುಕೊಂಡೆ. ಅನುಮಾನ ಬಂದಲ್ಲೆಲ್ಲ ಕೇಳಿದೆ. ಅವ್ವ ಬೇಸರಪಡದೆ ಮತ್ತೆ ಮತ್ತೆ ಅಂದಳು. ರಟ್ಟೀಹಳ್ಳಿಯಲ್ಲಿ ಡಿಟಿಪಿ ಮಾಡುವ ಹೆಂಗಸಿನ ಹತ್ತಿರ ಒಯ್ದೆ. ಆಕೆ ಮೊದಲ ಹಾಳೆ ನೋಡಿ ಸಂಕೋಚದಿಂದ ಕೇಳಿದಳು:

"ಅಕ್ಕಾರ, ಭಾಳ ತಪ್ಪ ಅದಾವ್ರಿ. ತಿದ್ದಿಬಿಡ್ಲೇನ್ರಿ?"

"ಒಂದಕ್ಷರ ಮುಟ್ಟಬ್ಯಾಡ ನೋಡವಾ," ಅಂದೆ. ದನಿ ಏರಿತ್ತು. ಆಕೆಯ ತಪ್ಪೇನೂ ಇರಲಿಲ್ಲ. ಪಕ್ಕದ ಕುರ್ಚಿ ಎಳೆದುಕೊಂಡು ಕುಳಿತೆ, ಒಂದೊಂದೇ ಸಾಲು ಓದಿ ಹೇಳತೊಡಗಿದೆ.