ನಾಲ್ಕು ಸಿಲಿಂಡರಿಗೂ ತೀರ್ಥ

ಗೆಳೆಯರೇ, ನಮ್ಮಪ್ಪನ ಇಟಲಿಯ ಹಳೇ ಕಾರು ಇವತ್ತೂ ಹೊರಡಲಿಲ್ಲ.

ರಿಪೇರಿಯಾದ ಇಂಜಿನ್ನನ್ನು ಶಿರಾದ ಮೆಕ್ಯಾನಿಕ್ ರಫೀಕಣ್ಣ ಬೆಳಿಗ್ಗೆ ಕಾರಿಗೆ ಕೂರಿಸಿದರು. ಸ್ಪಾರ್ಕ್ ಪ್ಲಗ್ ಹಾಕುವುದಷ್ಟೇ ಬಾಕಿ, ಅವುಗಳ ತೂತುಗಳು ತೆರೆದೇ ಇದ್ದವು. ಗೊರವನಹಳ್ಳಿಯ ದೇವಿ ಗುಡಿಗೆ ಹೋಗಲು ಅಮ್ಮ ರೇಷ್ಮೆ ಸೀರೆಯುಟ್ಟು ಹಿಂದಿನ ಸೀಟಿನಲ್ಲಿ ಕೂತಾಗಿತ್ತು.

“ತಡೀಲಾ, ಮೊದ್ಲು ಪೂಜೆ” ಎಂದು ರಫೀಕಣ್ಣನನ್ನು ತಡೆದ ಅಪ್ಪ ಇಂಜಿನ್ನಿಗೇ ಕುಟ್ಟಿ ಕಾಯಿ ಒಡೆದರು. ನಾನು ಆರತಿ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ನೀರು, ಚಿಪ್ಪಿನ ಚೂರು ಎಲ್ಲವೂ ಪ್ಲಗ್ಗಿನ ತೂತುಗಳೊಳಗೆ ಇಳಿದವು.

“ಯಾ ಅಲ್ಲಾ! ನಾಲ್ಕು ಸಿಲಿಂಡ್ರಿಗೂ ತೀರ್ಥ ಕುಡಿಸ್ಬುಟ್ರಲ್ಲ ಯಜಮಾನ್ರೇ! ಮತ್ತೆ ಪೂರಾ ಬಿಚ್ಬೇಕು” ಎಂದರು ರಫೀಕಣ್ಣ.

“ಬಿಚ್ಚು. ಜೋಡಿಸಿದ್ಮ್ಯಾಕೆ ಇನ್ನೊಂದ್ ಪೂಜೆ ಮಾಡಾನ” ಎಂದರು ಅಪ್ಪ.

ಅಮ್ಮ ಕಾರಿನಿಂದ ಇಳಿದು, ಮನೆಯಲ್ಲಿದ್ದ ಕಾಯಿಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿದರು. ದೇವಿಗೆ ಒಂದೇ ಸಾಕಿತ್ತು. ಉಳಿದವು ಅಪ್ಪನ ಕೈಗೆ ಸಿಗದಂತೆ, ಇಂಜಿನ್ನಿನ ಆಯುಸ್ಸಿಗೆ.